ಹೊರಗಿನವರ ಹಾಡು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಯಮ್ಮನಿಗೆ, ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿದ್ದವರು ಒಂದು ರಾಕ್ ಬ್ಯಾಂಡಿನ ಹಾಡುಗಾರ ಮತ್ತು ಡ್ರಮ್ಮರ್.

“ಕ್ಯಾಸೆಟ್ ಕಂಪನಿಯವರು ನನ್ನ ಹಾಡು ಬೇಡ ಅಂದ್ರಲ್ಲೋ. ಹೊರಗಿನವರ ಹತ್ರ ಬರೆಸ್ತಾರಂತೆ,” ಎಂದ ಹಾಡುಗಾರ.

“ಬರೆಸಿದ್ದೂ ಆಯ್ತು. ಆ ಹಾಡು ಅವರಿಗೆ ತುಂಬಾ ಹಿಡಿಸಿದೆ,” ಎಂದ ಡ್ರಮ್ಮರ್.

“ಯಾರು ಬರೆದಿದ್ದು?”

“ನಮ್ಮತ್ತೆ. ಹೆಣ್ಣು ಕೊಟ್ಟ ಅತ್ತೆ.”

“ಅವರಿಗೆ ನಮ್ಮ ಗಲಾಟೆ ಕೇಳಿದ್ರೇ ಆಗಲ್ಲ!”

“ನಿನ್ನ ಹಾಡನ್ನೇ ಅವರ ಹೆಸರಲ್ಲಿ ಕಳಿಸಿದೆ ಕಣೋ. ‘ಹಾಡು ಅಂದ್ರೆ ಇದು, ನಿಮ್ಮ ಹಾಡುಗಾರ ಇವರನ್ನ ನೋಡಿ ಕಲೀಲಿ’ ಅಂದ್ರು ಕಂಪನಿಯವರು.”

ದರ್ಜಿಯಮ್ಮನಿಗೆ ನಗು ಉಕ್ಕಿತು. ನಕ್ಕರೆ ಹಲ್ಲು ಜುಮ್ಮೆನ್ನುತ್ತಿತ್ತು.

“ಹಾಗಾದ್ರೆ ಗೆದ್ವಲ್ಲ! ಮುಖ ಯಾಕೆ ಹುಳ್ಳಗೆ ಮಾಡ್ಕೊಂಡಿದ್ದೀಯ?”

“ಅವರು ಅತ್ತೆಗೇ ಫೋನ್ ಮಾಡಿ ಇನ್ನೊಂದು ಹಾಡು ಕೇಳಿದ್ರು. ಅತ್ತೆ ನಿಜವಾಗ್ಲೂ ಬರೆದುಬಿಟ್ರು.”

“ಹೇಗಿದೆ?”

ಡ್ರಮ್ಮರ್ ಮೆಲ್ಲಗೆ ಗುನುಗಿದ. ಹಾಡುಗಾರನ ಕಾಲು ತಾನಾಗಿ ತಾಳ ಹಾಕಿತು, ದರ್ಜಿಯಮ್ಮನದೂ.

“ಹಾಳಾದ್ದು, ಚೆನ್ನಾಗಿದೆ ಮಾರಾಯ,” ಎಂದ ಹಾಡುಗಾರ.

ನರ್ಸ್ ಅವನನ್ನು ಕರೆದಳು. ಅವನು ಎದ್ದ.

“ನಾನೇ ಹಾಡ್ತೀನಿ ಅಂತ ಅತ್ತೆಗೆ ಹೇಳು.”

“ನೀನೇ ಹಾಡ್ತೀಯ ಅಂತ ಆಗಲೇ ಹೇಳಿದೆ. ಬೇರೆ ಯಾರೂ ಸಿಗಲ್ವಾ ಅಂತ ಕಂಪನಿಯವರನ್ನ ಕೇಳ್ತಿದ್ದಾರೆ.”

ಹಾಡುಗಾರ ಬಾಯಿ ತೆರೆದುಕೊಂಡೇ ಡಾಕ್ಟರ ಕೋಣೆಯೊಳಗೆ ಹೋದ.