ಅರ್ಧ ಉಜ್ಜಿದ ತುಕ್ಕು

ಅಂಗಿಜೇಬಿನಿಂದ ಕೆಂಪು ಕ್ಯಾಪ್ಸೂಲುಗಳ ಶೀಶೆ ತೆಗೆದು ತಮ್ಮನಾದವನು ಅಕ್ಕನ ಮಡಿಲಲ್ಲಿಟ್ಟ. ಮನೋವೈದ್ಯರ ಕೋಣೆಯ ಹೊರಗೆ, ಎದುರು ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಟೀಚರಮ್ಮನ ಕಣ್ಣು ಹಳೇ ಪತ್ರಿಕೆಯ ಮೇಲಿತ್ತು, ಕಿವಿಯೆಲ್ಲ ಅತ್ತಲೇ.

“ಇದೇನೋ?”

“ಆಂಟಿಆಕ್ಸಿಡೆಂಟ್, ಅಕ್ಕ. ಖಿನ್ನತೆ ಇರೋರಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿಯಂತೆ. ಅಂದ್ರೆ ಮೈಯೊಳಗೇ ತುಕ್ಕು. ಇದು ತಡೆಯುತ್ತೆ. ಡಾಕ್ಟರು ಕೊಟ್ಟ ಆ ಮಾತ್ರೆ ಬಿಟ್ಬಿಡು.”

“ಕಾರಿನ ತಗ್ಗು ತಟ್ಟೋನು ಯಾವಾಗ ಡಾಕ್ಟರಾದೆ?”

“ತುಕ್ಕಿಗೆ ನಾನೇ ಡಾಕ್ಟರು.”

“ಒಳಗಿರೋ ಡಾಕ್ಟರನ್ನೂ ಕೇಳ್ದೆ. ನಂಟಿರಬಹುದು, ಆದ್ರೆ ಯಾವುದರಿಂದ ಯಾವುದು ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲವಂತೆ. ಹಣ್ಣು ತಿನ್ನಿ, ಮಾತ್ರೆ ಬಿಡಬೇಡಿ ಅಂದ್ರು.”

“ನೀನು ಅದನ್ನ ನುಂಗೋದು ನೋಡಿದ್ರೆ ಕರುಳು ಚುರ್ ಅನ್ನುತ್ತೆ.”

“ಮೂರು ತಿಂಗಳು ತಲೆ ಬಾಚದೆ ಬಿದ್ದಿದ್ದೆ. ಆಗ ಅನ್ನಲಿಲ್ವಾ?”

“ಆಗ ನಾನೇ ಬಾಚ್ತಿದ್ದೆನಲ್ಲ!”

“ಅದು ಬಾಚೋದಾ? ಉಪ್ಪುಕಾಗದದಲ್ಲಿ ಉಜ್ಜಿದ ಹಾಗಿತ್ತು.”

ಇಬ್ಬರೂ ನಕ್ಕರು. ಟೀಚರಮ್ಮ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿದರು.

ನರ್ಸ್ ನಂಬರ್ ಕೂಗಿದಳು. ಅಕ್ಕ ಶೀಶೆಯನ್ನು ಅವನ ಕೈಗೇ ಕೊಟ್ಟು ಎದ್ದು ನಿಂತಳು.

“ತುಕ್ಕು ಅರ್ಧ ಉಜ್ಜಿರೋವಾಗಲೇ ‘ಸಾಕು, ಬಣ್ಣ ಹೊಡಿ’ ಅಂತ ಗಿರಾಕಿ ಅಂದ್ರೆ ಏನ್ಮಾಡ್ತೀಯ?”

“ಬೈದು, ಪೂರ್ತಿ ಆಗೋವರೆಗೂ ಗಾಡಿ ಇಲ್ಲೇ ಬಿಟ್ಟು ಹೋಗು ಅಂತೀನಿ.”

“ನನ್ನದೂ ಇನ್ನೂ ಅರ್ಧವೇ ಆಗಿರೋದು ಕಣೋ.”

ಅವನು ಸ್ವಲ್ಪ ಹೊತ್ತು ಉಗುರಿನ ಸಂದಿಯ ಬಣ್ಣ ಕೆರೆದ. ಆಮೇಲೆ ಶೀಶೆಯನ್ನು ಮತ್ತೆ ಚಾಚಿದ.

“ಹೋಗ್ಲಿ, ಮಾತ್ರೆ ಜೊತೆಗೇ ದಿನಕ್ಕೊಂದು ತಗೋ. ನನ್ನ ಸಮಾಧಾನಕ್ಕೆ.”

ಅಕ್ಕ ಶೀಶೆಯನ್ನು ಅವನ ಜೇಬಿಗೇ ತುರುಕಿ, ಗುಂಡಿ ಹಾಕಿ, ಕೈಹಿಡಿದು ಎಬ್ಬಿಸಿದಳು.

“ನೀನು ಬಾ. ಅದು ಬೇಡ.”