ಧಣಿಯ ಕಣ್ಣಿಗೆ ಹಸಿರು

ಗೊಬ್ಬರದಂಗಡಿಯ ಜಗಲಿಯಲ್ಲಿ ಅಜ್ಜಿಯೊಬ್ಬಳು ದಬ್ಬಳ ಹಿಡಿದು ಹರಿದ ಗೋಣಿಚೀಲಗಳಿಗೆ ತೇಪೆ ಹಾಕುತ್ತಿದ್ದಳು. ಕಣ್ಣು ಹೊಲಿಗೆಯ ಮೇಲಿದ್ದರೂ ಕಿವಿ ಮಾತ್ರ ಸಾಲಿನಲ್ಲಿ ನಿಂತಿದ್ದ ಗೇಣಿದಾರ ಮತ್ತು ಅವನ ಹೆಂಡತಿಯ ಕಡೆಗಿತ್ತು.

“ಮಣ್ಣು ಪರೀಕ್ಷೆಯೋರು ಏನಂದ್ರು? ಇನ್ನೂ ಯೂರಿಯಾ ಹಾಕಿದ್ರೆ ಪೈರು ನೆಲಕ್ಕೆ ಮಲಗುತ್ತೆ ಅನ್ಲಿಲ್ವಾ?”

“ಅಂದ್ರು ಕಣೇ.”

“ಮತ್ತೆ ಇಲ್ಯಾಕ್ರೀ ನಿಂತಿದೀವಿ?”

“ಧಣಿ ಗದ್ದೆಗೆ ಇಳೀತಾರಾ? ಕಾರಲ್ಲೇ ಕೂತು ನೋಡೋದು. ಪಕ್ಕದೋನ ಪೈರು ಕಡುಹಸಿರು, ನಮ್ದು ತಿಳಿ. ಇವನು ಮೈಗಳ್ಳ ಅಂತ ನಮ್ಮ ಗೇಣೀನೂ ಅವನಿಗೇ ಕೊಟ್ರೆ?”

“ಪಾಪ, ಪಕ್ಕದೋನಿಗೆ ಯಾರ ಭಯವೋ!”

“ನಮ್ದೇ. ನಮ್ಮ ಗದ್ದೆ ನೋಡ್ಕೊಂಡೇ ಅವನೂ ಸುರಿಯೋದಂತೆ.”

“ಚೆನ್ನಾಗಿದೆ! ಮೂರು ವರ್ಷಕ್ಕೆ ಗೇಣಿ ಬರ್ಕೊಟ್ರೆ ಈ ಬಣ್ಣ ತೋರಿಸೋದು ತಪ್ಪುತ್ತೆ ಅಂತ ಧಣಿಗೆ ಕಾಗದ ಬರೆದ್ರಲ್ಲ, ಅಂಚೆಗೆ ಹಾಕಿದ್ರಾ?”

“ಜೇಬಲ್ಲೇ ಇದೆ.”

“ನಾಟಿಗೆ ಮುಂಚೆ ಬರೆದಿದ್ದು!”

“ಕೇಳೋಕೆ ಹೋಗಿ ಇರೋದೂ ಹೋದ್ರೆ?”

ಅಷ್ಟರಲ್ಲಿ ಅವರ ಸರದಿ ಬಂತು. ಅವನು ಯೂರಿಯಾ ಚೀಲವನ್ನು ಹೆಗಲಿಗೇರಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಗ ಹೆಂಡತಿ ಅವನ ಜೇಬಿಗೆ ಕೈಹಾಕಿ, ಬೆವರಿಗೆ ಮೆತ್ತಗಾಗಿದ್ದ ಲಕೋಟೆಯನ್ನು ಎಳೆದುಕೊಂಡು ಬೀದಿ ದಾಟಿದಳು.

“ಲೇ, ಬೇಡ್ವೇ...”

ಬೇಡವೆನ್ನಲು ಅವನಿಗೆ ಬಾಯಿತ್ತು, ತಡೆಯಲು ಕೈಯಿರಲಿಲ್ಲ. ಕಾಗದ ಅಂಚೆಡಬ್ಬಿಯೊಳಗೆ ಬಿತ್ತು. ಅವನು ಚೀಲ ಹೊತ್ತೇ ಅವಳ ಹಿಂದೆ ನಡೆದ.