ಗುಡುಗಿಗೆ ಬೆಚ್ಚದವರು

ವೇದಿಕೆಯಲ್ಲಿರುವ ಮಾನ್ಯ ಅಧ್ಯಕ್ಷರೇ, ಜಿಲ್ಲಾ ಶಿಕ್ಷಣಾಧಿಕಾರಿಗಳೇ, ಗುರುಗಳೇ, ನನ್ನಂತೆಯೇ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದು ಬೆವರುತ್ತಿರುವ ತಾಯಂದಿರೇ, ಸಭಿಕರೇ, ಮತ್ತು ನನ್ನ ಮಾತನ್ನು ಸನ್ನೆಯಲ್ಲಿ ಮಕ್ಕಳಿಗೆ ದಾಟಿಸುತ್ತಿರುವ ಬೆರ್ನಾ ಟೀಚರೇ,

ಕಿವಿ ಕೇಳದ ಮಕ್ಕಳ ಈ ಶಾಲೆಯ ವಾರ್ಷಿಕೋತ್ಸವದಲ್ಲಿ ಪೋಷಕರ ಪರವಾಗಿ ಎರಡು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ನನ್ನ ಗಂಡ ಇಹ್ಸಾನ್ ಚೋರುಮ್ ಪೇಟೆಯಲ್ಲಿ ಕಡಲೆ ಹುರಿಯುವವರು. ಮಾತಿನ ಕೆಲಸವನ್ನೆಲ್ಲ ನನಗೇ ಬಿಟ್ಟಿದ್ದಾರೆ. ವಿಷಯ, ‘ಮಗುವಿನ ಆರೋಗ್ಯ ಮತ್ತು ಕಲಿಕೆಯಲ್ಲಿ ಕುಟುಂಬದ ಪಾತ್ರ’. ಕುಟುಂಬ ಎಂದರೆ ಯಾರು? ನಮ್ಮ ಮನೆಯಲ್ಲಿ ಕುಟುಂಬ ಎಂದರೆ ನನ್ನ ಅತ್ತೆ ಸಫಿಯೆ. ಮುಂದಿನ ಸಾಲಿನಲ್ಲಿ ಕೂತು, ಇವಳು ಏನು ಹೇಳಿಬಿಡುತ್ತಾಳೋ ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ.

ನನ್ನ ಮಗಳು ಮೆಲಿಕೆಗೆ ಎರಡು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ನಾನು ಹೇಳಿದೆ, ಮತ್ತೆ ಮತ್ತೆ ಹೇಳಿದೆ. “ಅವಳಪ್ಪನೂ ತಡವಾಗೇ ಮಾತಾಡಿದ್ದು. ಮುದ್ದಾದ ಮಗು, ಯಾರದೋ ಕಣ್ಣು ಬಿದ್ದಿದೆ” ಎಂದರು ಅತ್ತೆ. ಹೊಸ ಸೊಸೆಯ ಮಾತಿಗೆ ಆಗ ಎಷ್ಟು ಬೆಲೆ? ತಾಯಂದಿರೇ, ನಿಮಗೆ ನಾನು ಬಿಡಿಸಿ ಹೇಳಬೇಕೇ?

ದೃಷ್ಟಿ ತೆಗೆಸಲು ಕಿಬರ್ ಅಜ್ಜಿಯ ಮನೆಗೆ ಹೋದೆವು. ಮಗುವನ್ನು ಅತ್ತೆ ಮಡಿಲಲ್ಲಿ ಕೂರಿಸಿಕೊಂಡರು. ಕಿಬರ್ ಅಜ್ಜಿ ಇಬ್ಬರ ತಲೆಗೂ ಬಟ್ಟೆ ಹೊದಿಸಿದಳು. ತಲೆಯ ಮೇಲೆ ಹಿಡಿದ ಬೋಗುಣಿಯ ನೀರಿಗೆ ಕರಗಿಸಿದ ಸೀಸವನ್ನು ಸುರಿದಾಗ ಚೊಂಯ್ ಎಂದು ಎಂಥ ಸದ್ದು! ನಾನು ಬೆಚ್ಚಿದೆ, ನೆರೆಮನೆಯ ನುರಿಯೆ ಕೂತಲ್ಲಿಂದ ಎದ್ದೇಬಿಟ್ಟಳು. “ಹೋಯ್ತು ಕಣಮ್ಮಾ, ಕಣ್ಣೆಲ್ಲಾ ಸೀಸದಲ್ಲೇ ಕೂತ್ಬಿಡ್ತು” ಎಂದಳು ಕಿಬರ್ ಅಜ್ಜಿ. ಬಟ್ಟೆ ಸರಿಸಿದರೆ ಅತ್ತೆಯ ಮುಖ ಬಿಳಿಚಿಕೊಂಡಿತ್ತು.

ಮನೆಗೆ ಬಂದವರೇ ಅತ್ತೆ ಮಗುವಿನ ಬೆನ್ನ ಹಿಂದೆ ನಿಂತು ಹಿತ್ತಾಳೆ ತಟ್ಟೆಯನ್ನು ನೆಲಕ್ಕೆ ಬಿಟ್ಟರು. ಮಗು ಗೊಂಬೆಯ ಕಾಲು ತಿರುವುತ್ತಲೇ ಇತ್ತು.

“ಗುಲ್ಸುಮ್, ಮಗೂಗೆ ಕಿವಿ ಕೇಳ್ಸಲ್ಲ ಕಣೇ. ಬೆಳಗ್ಗೆ ಎದ್ದು ಆಸ್ಪತ್ರೆಗೆ ಹೋಗೋಣ” ಎಂದರು ನನಗೆ.

“ಅಮ್ಮಾ, ಜನ ಏನಂತಾರೆ?” ಎಂದರು ನನ್ನ ಗಂಡ.

“ಅಂದ್ಕೊಳ್ಲಿ ಬಿಡೋ. ಅವಳಿಗೆ ಕೇಳ್ಸಲ್ಲ, ನಂಗೆ ಕೇಳೋಕೆ ಪುರುಸೊತ್ತಿಲ್ಲ!”

ನೀವು ನಗುತ್ತಿದ್ದೀರಿ. ಅಂದು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಕಿವಿಗೆ ಯಂತ್ರ ಬಂತು. ಅದು ಕಾಣದಂತೆ ಕೂದಲು ಇಳಿಬಿಡು ಎಂದು ಸಲಹೆ ಕೊಟ್ಟವರೇ ಎಲ್ಲರೂ. ಬೀದಿಯ ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಚಹಾಕ್ಕೆ ಸೇರುವುದು ನಮ್ಮಲ್ಲಿ ರೂಢಿಯಲ್ಲವೇ? ಅಂಥದ್ದೊಂದು ದಿನ ಅತ್ತೆ ಮೆಲಿಕೆಯ ಕೂದಲನ್ನು ಎತ್ತಿ, ಬಿಗಿಯಾಗಿ ಎರಡು ಜಡೆ ಹೆಣೆದು, ಎರಡು ಕಿವಿಯೂ ಎದ್ದು ಕಾಣುವಂತೆ ಕರೆದುಕೊಂಡು ಹೋದರು.

“ಅಯ್ಯೋ ಪಾಪ” ಎಂದಳು ನುರಿಯೆ. “ಸಫಿಯೆ ಅಕ್ಕಾ, ನಿಮ್ಮ ವಂಶದಲ್ಲಿ ಇಂಥದ್ದಿಲ್ಲ. ಸೊಸೆ ಕಡೆಯಿಂದಾನೇ ಬಂದಿರ್ಬೇಕು.”

ನಾನು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡೆ. ಅತ್ತೆ ತಿನ್ನುತ್ತಿದ್ದುದನ್ನು ಕೆಳಗಿಟ್ಟರು.

“ಇಲ್ಲ ಕಣೇ, ನನ್ನ ಕಡೆಯಿಂದ. ನಂಗೊಬ್ಳು ತಂಗಿ ಇದ್ಳು, ಸಬ್ರಿಯೆ ಅಂತ. ಹೊರಗಿನವರ ಮುಂದೆ ಅವಳನ್ನ ಬಿಡ್ತಿರ್ಲಿಲ್ಲ. ಹಿಂದಿನ ಕೋಣೇಲಿ ಉಣ್ಣೆ ಹಿಂಜ್ಕೊಂಡು ಕೂತಿರ್ತಿದ್ಳು. ಮೂಗಿ ಅಂತಿದ್ರೇ ಹೊರ್ತು ಯಾರೂ ಹೆಸರು ಹಿಡಿದು ಕರೀಲಿಲ್ಲ. ಒಂದೇ ಹಾಸಿಗೇಲಿ ಮಲಗ್ತಿದ್ವಿ. ಗುಡುಗಿದ್ರೆ ನಾನು ಬೆಚ್ಚಿ ಅವಳನ್ನ ತಬ್ಕೊಳ್ತಿದ್ದೆ, ಅವಳು ಹಾಯಾಗಿ ನಿದ್ದೆ ಮಾಡ್ತಿದ್ಳು. ಆವತ್ತು ಆ ಸೀಸ ಸುರಿದಾಗ ಈ ಮಗು ನನ್ನ ಮಡಿಲಲ್ಲಿ ಒಂಚೂರೂ ಅಲುಗ್ಲಿಲ್ಲ. ನಂಗೆ ನನ್ನ ತಂಗೀನೇ ಮಡಿಲಲ್ಲಿ ಕೂತಂಗಾಯ್ತು.”

ನನ್ನ ಗಂಡನಿಗೂ ಗೊತ್ತಿರದ ಚಿಕ್ಕಮ್ಮ ಅವಳು. ಅಷ್ಟು ಜನರ ಎದುರು ಅತ್ತೆ ಆ ಹೆಸರನ್ನು ಹೇಳಿದ್ದು ಯಾರಿಗಾಗಿ? ಮೊಮ್ಮಗಳಿಗಾಗಿ ಎಂದು ಆಗ ಅಂದುಕೊಂಡೆ. ನಮ್ಮ ಮನೆಯಲ್ಲಿ ನಾನು ಸೊಸೆಯಾಗಿದ್ದು ಆವತ್ತಿನವರೆಗೆ ಮಾತ್ರ, ಅದರಾಚೆಗೆ ಮಗಳಾದೆ. ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ.

ಮೆಲಿಕೆ ಈ ಶಾಲೆಗೆ ಸೇರಿದಾಗ, ಮನೆಯಲ್ಲಿ ಯಾರಾದರೊಬ್ಬರು ದಿನಾ ಮಗುವಿನೊಡನೆ ಓದಬೇಕು ಎಂದರು ಬೆರ್ನಾ ಟೀಚರ್. “ನಂಗೇ ಓದು ಬರಲ್ಲ, ಇಬ್ರೂ ಒಟ್ಟಿಗೆ ಕಲೀತೀವಿ ಬಿಡಿ” ಎಂದರು ಅತ್ತೆ. ಕಲಿತರು. ಮೆಲಿಕೆ ಗೆಳತಿಯರಿಂದ ಸನ್ನೆಯ ಭಾಷೆ ತಂದಳು, ಅಜ್ಜಿ ಅದನ್ನೂ ಬಿಡಲಿಲ್ಲ. ಗಂಟು ಕಟ್ಟಿದ ಬೆರಳುಗಳಲ್ಲಿ ಅವರು ‘ಬ್ರೆಡ್’ ಎಂದರೆ ‘ಕತ್ತೆ’ ಎಂದಂತೆ ಕಾಣುತ್ತದೆಂದು ಮೆಲಿಕೆ ಬಿದ್ದು ಬಿದ್ದು ನಗುತ್ತಾಳೆ. ಈ ವರ್ಷ ಅವಳು ಟೀಚರ್ ಆಗುವ ಓದಿಗೆ ಅಂಕಾರಾಕ್ಕೆ ಹೊರಟಿದ್ದಾಳೆ.

ಹೋಗುವ ಮುಂಚೆ ಹಟ ಹಿಡಿದು ನಮ್ಮನ್ನು ಅಜ್ಜಿಯ ತವರೂರಿಗೆ ಕರೆದೊಯ್ದಳು. ಸಬ್ರಿಯೆಯ ಸಮಾಧಿಯ ಮೇಲೆ ಬರೀ ಒಂದು ಒರಟು ಕಲ್ಲಿತ್ತು. ಅಪ್ಪನನ್ನು ಕಾಡಿ ಹೆಸರು ಕೆತ್ತಿದ ಕಲ್ಲು ಹಾಕಿಸಿದಳು. ಕಲ್ಲು ನಿಲ್ಲಿಸಿದ ದಿನ ಅತ್ತೆ ಅದರ ಮುಂದೆ ಕೂತು ಒಂದೊಂದೇ ಅಕ್ಷರವನ್ನು ಬೆರಳಿಂದ ಮುಟ್ಟಿ, ಕೂಗಿ ಕೂಗಿ ಓದಿದರು. ಸ್ಮಶಾನವೆಲ್ಲ ಕೇಳುವಂತೆ ಓದಿದರು. ಆಗ ಮೆಲಿಕೆ ಅಜ್ಜಿಯ ಭುಜ ಮುಟ್ಟಿದಳು.

“ಅಜ್ಜೀ, ಕೂಗ್ಬೇಡ. ಕೈಯಲ್ಲಿ ಹೇಳು.”

ಅತ್ತೆ ಕೈಯೆತ್ತಿ ತಂಗಿಯನ್ನು ಅವಳ ಹೆಸರಿನಿಂದ ಕರೆದರು.

ನನಗೆ ಇಷ್ಟೇ ಗೊತ್ತು. ಕೇಳಿಸಿಕೊಂಡವರಿಗೆ, ಸನ್ನೆಯಲ್ಲಿ ನೋಡಿ ತಿಳಿದವರಿಗೆ, ಎಲ್ಲರಿಗೂ ಧನ್ಯವಾದ. ನಮಸ್ಕಾರ.